ಅಪ್ಪನೂ ನಮ್ಮವರೂ ಕಟ್ಟಿದ ಕಾರಿನ ಟ್ರ್ಯಾಕು

ಅಪ್ಪ ನನ್ನ ಗಂಡನನ್ನು ಮೊದಲ ಸಲ 'ಮರಿ' ಅಂತ ಕರೆದಾಗ ನಾನು ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಮಹಡಿಯ ಕೋಣೆಯಿಂದ ಅಪ್ಪನ ದನಿ ಮೆಟ್ಟಿಲಿಳಿದು ಬಂತು. "ಆ ಸ್ಕ್ರೂಡ್ರೈವರ್ ಕೊಡು ಮರಿ." ನಾನು ಕೂತಲ್ಲಿಂದಲೇ "ಯಾವುದಪ್ಪ?" ಅಂತ ಕೇಳಿಬಿಟ್ಟೆ. ಮೇಲಿನಿಂದ ಉತ್ತರ ಬರಲಿಲ್ಲ. ಆ ಮಾತು ನನಗೆ ಹೇಳಿದ್ದಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಪ್ಪನಿಗೆ ನಾನೊಬ್ಬಳೇ ಮಗಳು. 'ಮರಿ' ಎನ್ನುವುದು ಅವನು ನನಗೆಂದೇ ಇಟ್ಟುಕೊಂಡಿದ್ದ ಮಾತು. ನನ್ನ ಮಗಳನ್ನು ಅವನು 'ಪುಟ್ಟಿ' ಅನ್ನುತ್ತಾನೆ, ಪಕ್ಕದ ಮನೆಯ ಮಕ್ಕಳನ್ನು 'ಕಂದ' ಅನ್ನುತ್ತಾನೆ. ನನಗೆ ನಲವತ್ತೇಳು ತುಂಬಿ, ಬೆಳಿಗ್ಗೆ ಏಳುವಾಗ ಮಂಡಿ ಹಿಡಿದುಕೊಂಡು ಏಳುವಂತಾದ ಮೇಲೂ ನಾನು ಮರಿಯಾಗಿಯೇ ಉಳಿದಿದ್ದೆ. ಈಗ ನೋಡಿದರೆ ಆ ಮಾತು, ಐವತ್ತು ದಾಟಿದ, ನೆತ್ತಿ ಬೋಳಾಗುತ್ತಿರುವ ಒಬ್ಬ ಅಕೌಂಟೆಂಟಿನ ಪಾಲಾಗಿತ್ತು. ಅಂದು ಹುರುಳಿಕಾಯಿ ಪಲ್ಯಕ್ಕೆ ಉಪ್ಪು ಹಾಕಲು ಮರೆತೆ. ಊಟಕ್ಕೆ ಕೂತಾಗ ಇಬ್ಬರೂ ಅದನ್ನು ಗಮನಿಸಲಿಲ್ಲ. ಆಟದ ಕಾರು ಯಾವ ತಿರುವಿನಲ್ಲಿ ಹಾರಿಬೀಳುತ್ತಿದೆ ಎಂದು ಮಾತಾಡುತ್ತಾ ಉಪ್ಪಿಲ್ಲದ ಪಲ್ಯವನ್ನೇ ಎರಡೆರಡು ಸಲ ಬಡಿಸಿಕೊಂಡರು.

ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ. ಅಪ್ಪ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸ. ಭಾನುವಾರ ನಡುಮನೆಯಲ್ಲಿ ಹಳೇ ಪೇಪರ್ ಹಾಸಿ, ಬೀದಿಯವರ ರೇಡಿಯೋ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ಬಿಚ್ಚಿಕೊಂಡು ಕೂರುತ್ತಿದ್ದ. ಪಕ್ಕದಲ್ಲಿ ಟಾರ್ಚ್ ಹಿಡಿಯುವುದು ನನ್ನ ಕೆಲಸ. "ಬೆಳಕು ಅಲ್ಲಾಡಿಸಬೇಡ ಮರಿ" ಅನ್ನುತ್ತಿದ್ದ. ಬೆಸುಗೆಯ ಹೊಗೆ ಕಣ್ಣಿಗೆ ನುಗ್ಗಿದರೂ ನಾನು ಅಲ್ಲಾಡುತ್ತಿರಲಿಲ್ಲ. "ಹುಡುಗೀನ ಮೆಕ್ಯಾನಿಕ್ ಮಾಡ್ಬಿಡ್ತೀರ ನೀವು" ಅಂತ ಅಮ್ಮ ಗೊಣಗುತ್ತಿದ್ದಳು. ನಾನು ಮೆಕ್ಯಾನಿಕ್ ಆಗಲಿಲ್ಲ. ವಿಜಯನಗರದ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಮಾಡುವವಳಾದೆ. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹುಯ್ಯುವುದು, ಮೇಣದಲ್ಲಿ ಹಲ್ಲು ಕೆತ್ತುವುದು, ಅಕ್ಕಪಕ್ಕದ ಹಲ್ಲಿಗೆ ಬಣ್ಣ ಹೊಂದಿಸುವುದು, ಇವೇ ನನ್ನ ದಿನಗಳು. ಈ ಕೈ ನನಗೆ ಅಪ್ಪನಿಂದ ಬಂದದ್ದು ಎಂದು ನಾನು ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಬಸವೇಶ್ವರನಗರದ ನಮ್ಮ ಮನೆಗೆ ಬಂದು ನೆಲೆಸಿದ. ಅವನಿಗೂ ನಮ್ಮವರಿಗೂ ನಡುವೆ ಮಾವ ಅಳಿಯರಲ್ಲಿ ಇರಬೇಕಾದಷ್ಟು ಮರ್ಯಾದೆ ಇತ್ತು, ಅದರಾಚೆಗೆ ಏನೂ ಇರಲಿಲ್ಲ. "ಅಳಿಯಂದ್ರೇ, ಪೇಪರ್ ನೋಡಿದ್ರಾ?" "ನೀವು ನೋಡಿ ಮಾವ, ಆಮೇಲೆ ನೋಡ್ತೀನಿ." ಇಷ್ಟೇ ಮಾತು. ಸಂಜೆ ಸೋಫಾದ ಎರಡು ತುದಿಗಳಲ್ಲಿ ಕೂತು ಟಿವಿಯಲ್ಲಿ ನ್ಯೂಸ್ ನೋಡುತ್ತಿದ್ದರು. ನಡುವಿನ ಜಾಗ ನನ್ನದು. ಅಪ್ಪನಿಗೆ ಏನಾದರೂ ಬೇಕಿದ್ದರೆ ನನಗೆ ಹೇಳುತ್ತಿದ್ದ, ನಾನು ಇವರಿಗೆ ಹೇಳುತ್ತಿದ್ದೆ. ಇವರಿಗೆ ಏನಾದರೂ ಕೇಳಬೇಕಿದ್ದರೂ ಹಾಗೆಯೇ. ಇಬ್ಬರೂ ಸ್ವಲ್ಪ ಸಲಿಗೆಯಿಂದ ಇರಬಾರದೇ ಎಂದು ನಾನೇ ಎಷ್ಟೋ ಸಲ ಅಂದದ್ದುಂಟು.

ಮಗಳು ಕಾಲೇಜಿಗೆಂದು ಮೈಸೂರಿಗೆ ಹೋದ ವರ್ಷ, ಮಹಡಿಯ ಮೇಲಿನ ಅವಳ ಕೋಣೆಯ ಅಟ್ಟ ಖಾಲಿ ಮಾಡಿದೆವು. ಅವಳು ಚಿಕ್ಕವಳಿದ್ದಾಗ ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಸ್ಲಾಟ್ ಕಾರಿನ ಡಬ್ಬಿ ಸಿಕ್ಕಿತು. ಪ್ಲಾಸ್ಟಿಕ್ಕಿನ ತುಂಡುಗಳನ್ನು ಜೋಡಿಸಿದರೆ ಒಂದು ರಸ್ತೆಯಾಗುತ್ತದೆ. ರಸ್ತೆಯ ಉದ್ದಕ್ಕೂ ಒಂದು ಸಣ್ಣ ಸೀಳು. ಬೆರಳುದ್ದದ ಕಾರಿನ ಮೂತಿಯ ಕೆಳಗೆ ಒಂದು ಕಡ್ಡಿಯಿದ್ದು, ಅದು ಸೀಳಿನೊಳಗೆ ಇಳಿದು ಕಾರನ್ನು ದಾರಿ ತಪ್ಪದಂತೆ ಹಿಡಿಯುತ್ತದೆ. ಸೀಳಿನ ಎರಡೂ ಪಕ್ಕದ ಲೋಹದ ಪಟ್ಟಿಯಿಂದ ಕಾರಿಗೆ ಕರೆಂಟು. ಕೈಯಲ್ಲಿ ಹಿಡಿದ ಕಂಟ್ರೋಲರಿನ ಟ್ರಿಗರನ್ನು ಎಷ್ಟು ಒತ್ತಿದರೆ ಅಷ್ಟು ವೇಗ. ತಿರುವಿನಲ್ಲಿ ಹೆಚ್ಚು ಒತ್ತಿದಿರೋ, ಕಾರು ಸೀಳಿನಿಂದ ಎದ್ದು ಹಾರಿಹೋಗುತ್ತದೆ. ಆಟ ಇಷ್ಟೇ. ಆ ಸೆಟ್ಟಿನ ಅಡಾಪ್ಟರ್ ಕೆಟ್ಟಿತ್ತು. ನಾನು ಅದನ್ನು ಹಳೇ ಸಾಮಾನಿನವನಿಗೆ ಕೊಡುವ ಚೀಲಕ್ಕೆ ತುಂಬಿದ್ದೆ. ನಮ್ಮವರು ಚೀಲದಿಂದ ತೆಗೆದು ಅಪ್ಪನ ಮುಂದಿಟ್ಟು, "ಮಾವ, ಇದು ರಿಪೇರಿ ಆಗುತ್ತಾ ನೋಡ್ತೀರಾ?" ಅಂದರು.

ಅಪ್ಪ ಕನ್ನಡಕ ಏರಿಸಿಕೊಂಡು ಕೂತ. ಸಂಜೆಯ ಹೊತ್ತಿಗೆ ಕಾರು ನಡುಮನೆಯ ನೆಲದ ಮೇಲೆ ಒಂದು ಸುತ್ತು ಓಡಿ, ಎರಡನೇ ಸುತ್ತಿಗೆ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ಫ್ರಿಜ್ಜಿನಡಿ ಇಣುಕುತ್ತಾ ನಕ್ಕರು. ಅವರಿಬ್ಬರು ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂದು ನಾನೂ ನಕ್ಕೆ.

ಪ್ಲಾಸ್ಟಿಕ್ ರಸ್ತೆಯಿಂದ ಇಬ್ಬರಿಗೂ ಬೇಗ ಬೇಜಾರಾಯಿತು. ಮರದ ಹಲಗೆಯಲ್ಲೇ ಸೀಳು ಕೊರೆದು ಟ್ರ್ಯಾಕ್ ಕಟ್ಟುವವರ ವೀಡಿಯೋಗಳನ್ನು ನಮ್ಮವರು ಫೋನಿನಲ್ಲಿ ಹುಡುಕಿ ತೋರಿಸಿದರು. ಅಪ್ಪ ಟ್ರಂಕಿನಿಂದ ತನ್ನ ಹಳೆಯ ಡ್ರಾಯಿಂಗ್ ಸಾಮಾನು ಹೊರತೆಗೆದ. ಮಗಳ ಮಂಚ ಗೋಡೆಗೆ ಒರಗಿ ನಿಂತಿತು. "ಅವಳು ರಜಕ್ಕೆ ಬಂದ್ರೆ ಎಲ್ಲಿ ಮಲಗ್ತಾಳೆ?" ಎಂದೆ. "ಫೋನಲ್ಲಿ ಅವಳನ್ನೇ ಕೇಳಿದೆ, ನಡುಮನೇಲಿ ಮಲಗ್ತೀನಿ ಅಂದ್ಲು" ಅಂದರು ನಮ್ಮವರು. ನನಗೆ ಹೇಳುವ ಮೊದಲೇ ಎಲ್ಲ ಇತ್ಯರ್ಥವಾಗಿತ್ತು.

ಹೇರೋಹಳ್ಳಿಯ ಕಡೆ ಒಬ್ಬ ಬಡಗಿಯ ಹತ್ತಿರ ಸೀಳು ಕೊರೆಯುವ ಮೆಷಿನ್ ಇದೆ ಎಂದು ತಿಳಿದು ಒಂದು ಭಾನುವಾರ ಸ್ಕೂಟರಿನಲ್ಲಿ ಹೊರಟರು. ಮೊದಲೆಲ್ಲ ಭಾನುವಾರ ಬೆಳಿಗ್ಗೆ ಅಪ್ಪನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ತರಕಾರಿಗೆ ಹೋಗುತ್ತಿದ್ದವಳು ನಾನು. ಅಂದು ಗೇಟಿನ ಹತ್ತಿರ ಚೀಲ ಹಿಡಿದು ನಿಂತಿದ್ದೆ. ಅಪ್ಪ ಅಳಿಯನ ಹೆಗಲು ಹಿಡಿದು ಹಿಂದೆ ಹತ್ತಿ ಕೂತ. "ಬರೋದು ಮಧ್ಯಾಹ್ನ ಆಗುತ್ತೆ ಕಣಮ್ಮ, ನೀನು ಕಾಯಬೇಡ, ಊಟ ಮಾಡ್ಬಿಡು" ಅಂದ. ಮಧ್ಯಾಹ್ನ ಮೈತುಂಬ ಮರದ ಪುಡಿ ಹಚ್ಚಿಕೊಂಡು, ಹೇರೋಹಳ್ಳಿಯ ಗುಂಡಿಗಳನ್ನು ಬೈದುಕೊಳ್ಳುತ್ತಾ ಬಂದರು. ದಾರಿಯಲ್ಲಿ ದೋಸೆ ತಿಂದಿದ್ದರಂತೆ.

ಆಮೇಲೆ ಮಾತು ಬದಲಾಗುತ್ತಾ ಹೋಯಿತು. ಅದನ್ನು ನಾನು ಹೆಜ್ಜೆ ಹೆಜ್ಜೆಗೂ ಕಿವಿಗೊಟ್ಟು ಕೇಳಿಸಿಕೊಂಡಿದ್ದೇನೆ. "ಅಳಿಯಂದ್ರೇ, ಈ ಕಡೆ ಹಿಡ್ಕೋತೀರಾ" ಎನ್ನುತ್ತಿದ್ದದ್ದು "ಸ್ವಲ್ಪ ಹಿಡ್ಕೊಳಯ್ಯ" ಆಯಿತು. ಆಮೇಲೆ "ಹಿಡ್ಕೊಳೋ" ಆಯಿತು. ಇಷ್ಟು ವರ್ಷ 'ನೀವು' ಅನ್ನಿಸಿಕೊಂಡ ನಮ್ಮವರು 'ಲೋ' ಅನ್ನಿಸಿಕೊಂಡಾಗ ಮುಖ ಅರಳಿಸಿಕೊಂಡು ಓಡಾಡಿದರು. ಇವರ ತಂದೆ ಇವರು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿದ್ದರು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರಿಂದ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಹೊಟ್ಟೆಕಿಚ್ಚು ಪಡಲಿಕ್ಕೂ ನಾಚಿಕೆಯಾಗುವಂತಾಯಿತು, ಅಷ್ಟೇ.

ಟ್ರ್ಯಾಕಿನಲ್ಲಿ ಇದ್ದದ್ದು ಎರಡು ಸೀಳು, ಎರಡು ಕಾರು, ಎರಡು ಕಂಟ್ರೋಲರ್. ಬಣ್ಣ ಬಳಿಯುವ ಮೊದಲು ಒಂದು ಸಂಜೆ ಮೇಲೆ ಹೋಗಿ, "ಮೂರನೇದು ಹಾಕಕ್ಕಾಗಲ್ವಾ?" ಅಂತ ಕೇಳಿದೆ. ಯಾರಿಗೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅಪ್ಪ ತಿರುವಿನ ಮೇಲೆ ಸ್ಕೇಲ್ ಇಟ್ಟು ನೋಡಿ, "ಕರ್ವಲ್ಲಿ ಜಾಗ ಸಾಲಲ್ಲ ಕಣಮ್ಮ" ಅಂದ.

"ಮೂರಾದ್ರೆ ಕಾರು ಒಂದಕ್ಕೊಂದು ತಾಗುತ್ತೆ" ಅಂತ ನಮ್ಮವರು ಸೇರಿಸಿದರು.

ಇಬ್ಬರೂ ಹೇಳಿದ್ದು ಸರಿಯೇ ಇದ್ದಿರಬಹುದು. ನಾನು ಕಾಫಿ ಲೋಟ ಎತ್ತಿಕೊಂಡು ಕೆಳಗೆ ಬಂದೆ. ಮರುದಿನದಿಂದ ಕಾಫಿ ಮೇಲೆ ಒಯ್ಯುವುದನ್ನು ನಿಲ್ಲಿಸಿ, ಕೆಳಗಿನಿಂದಲೇ ಕೂಗತೊಡಗಿದೆ. ನಮ್ಮವರು ಒಂದು ಫ್ಲಾಸ್ಕ್ ಕೊಂಡು ತಂದರು.

ಬೆಸುಗೆ ಹಾಕುವಾಗ ಅಪ್ಪನಿಗೆ ಬೆಳಕು ಸಾಲದು ಎಂದು ಹಣೆಗೆ ಕಟ್ಟುವ ದೀಪವನ್ನೂ ತಂದರು. ಅದನ್ನು ಕಟ್ಟಿಕೊಂಡು ಅಪ್ಪ ಮೆಟ್ಟಿಲಿಳಿದು ಬಂದು, "ನೋಡು, ಯಾರೂ ಬೆಳಕು ಹಿಡಿಯೋದೇ ಬೇಡ, ಎರಡು ಕೈನೂ ಫ್ರೀ" ಅಂತ ತೋರಿಸಿದ. ತಮಾಷೆಗೆ ಹೇಳಿದ ಮಾತು. ನಾನು "ಚೆನ್ನಾಗಿದೆ" ಅಂದೆ. ಎರಡು ಬ್ಯಾಟರಿಯ ಆ ದೀಪದ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ಅತ್ತೆಯ ಮೇಲೂ ಬಂದಿರಲಿಲ್ಲ.

ರಸ್ತೆ ಓಡುವಂತಾದ ಮೇಲೆ ಸುತ್ತಲಿನ ಊರು ಕಟ್ಟುವುದು ಶುರುವಾಯಿತು. ನನ್ನ ಅಡುಗೆಮನೆ ಬರಿದಾಗತೊಡಗಿತು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರುಗಳು ಹರಿದು ಪೊದೆಗಳಾದವು. ಸೋಸಿದ ಟೀ ಪುಡಿ ಮಹಡಿಯ ಬಿಸಿಲಿನಲ್ಲಿ ಒಣಗಿ ರಸ್ತೆಯಂಚಿನ ಮಣ್ಣಾಯಿತು. ಬಡಗಿಯಿಂದ ತಂದ ಮರದ ಪುಡಿಗೆ ಹಸಿರು ಬಣ್ಣ ಕಲಸಿ ಹುಲ್ಲು ಮಾಡಿದರು. ಆಮೇಲೆ ಒಂದು ಮೂಲೆಯಲ್ಲಿ ಗುಡ್ಡ ಬೇಕು, ಅದರೊಳಗೆ ಸುರಂಗ ಬೇಕು ಅನ್ನಿಸಿತು ಅವರಿಗೆ. ಥರ್ಮಕೋಲ್ ಪೇರಿಸಿ ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ಯುವ ಯೋಚನೆ.

ಪ್ಲಾಸ್ಟರ್ ನನ್ನ ದಿನನಿತ್ಯದ ಕೆಲಸ. ಇಬ್ಬರಿಗೂ ಅದು ಗೊತ್ತು. ಆದರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೀರು ಜಾಸ್ತಿಯಾಗಿತ್ತು, ಒಂದೇ ಸಲಕ್ಕೆ ದಪ್ಪಗೆ ಹುಯ್ಯುತ್ತಿದ್ದರು, ಒಳಗೆ ಹಿಡಿದುಕೊಳ್ಳಲು ಬಟ್ಟೆಯೂ ಇರಲಿಲ್ಲ. ಒಣಗಿದ ಮೇಲೆ ಬಿರುಕು ಬಿಡುವುದು ಖಂಡಿತ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಕೆಳಗಿಳಿದೆ. ಬಿಡಲಿ ಬಿರುಕು, ಆಗ ನನ್ನ ನೆನಪಾಗುತ್ತದೆ ಎಂದು ಕಾದೆ.

ಎರಡು ದಿನಕ್ಕೆ ಗುಡ್ಡ ತುದಿಯಿಂದ ಬುಡದವರೆಗೆ ಸೀಳಿತು. ನಾನು ಏನೂ ಗೊತ್ತಿಲ್ಲದವಳಂತೆ ಮೇಲೆ ಹೋದೆ. ಅಪ್ಪ ಗುಡ್ಡದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ನಮ್ಮವರು ಪಕ್ಕದಲ್ಲಿ ನಿಂತಿದ್ದರು. ಇಬ್ಬರ ಮುಖದಲ್ಲೂ ಸೋತ ಕಳೆಯಿರಲಿಲ್ಲ.

"ನೋಡು, ರಾಮನಗರದ ಬಂಡೆ ಇದ್ದಂಗೇ ಇದೆ. ಬೇಕು ಅಂದ್ರೂ ಹಿಂಗೆ ಮಾಡಕ್ಕಾಗ್ತಿರಲಿಲ್ಲ" ಅಂದ ಅಪ್ಪ.

"ಬಿರುಕಿಗೆ ಸ್ವಲ್ಪ ಕಪ್ಪು ಹಚ್ಚಿದ್ರೆ ಸಾಕು ಮಾವ" ಅಂದರು ನಮ್ಮವರು.

ಹಚ್ಚಿದರು. ನಿಜಕ್ಕೂ ಬಂಡೆಯಂತೆಯೇ ಕಂಡಿತು. ಮನೆಗೆ ಬಂದವರೆಲ್ಲ ಮೊದಲು ಮೆಚ್ಚಿದ್ದು ಅದನ್ನೇ. ಅವರ ಪಾಲಿಗೆ ತಪ್ಪೂ ಒಪ್ಪವಾಗಿ ಬರುತ್ತಿದೆಯಲ್ಲ ಎಂದು ನನಗೆ ಅಳುವೇ ಬಂದಂತಾಯಿತು.

ಒಂದು ಶನಿವಾರ ಲ್ಯಾಬಿನಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಬೇಗ ಕಳಿಸಿದರು. ಮನೆಗೆ ಬಂದಾಗ ಅಪ್ಪ ಪಾರ್ಕಿಗೆ ವಾಕಿಂಗ್ ಹೋಗಿದ್ದ. ಮೇಲೆ ಬೆಸುಗೆಯ ವಾಸನೆ. ಹತ್ತಿ ನೋಡಿದರೆ ನಮ್ಮವರು ಒಬ್ಬರೇ ಮಂಡಿಯೂರಿ, ಕರೆಂಟಿಗೆಂದು ಸೀಳಿನ ಪಕ್ಕ ಅಂಟಿಸಿದ್ದ ತಾಮ್ರದ ಟೇಪಿನ ಮೇಲೆ ಅಪ್ಪ ಹಾಕಿದ್ದ ಬೆಸುಗೆಗಳನ್ನು ಕರಗಿಸಿ ತೆಗೆದು ಹೊಸದಾಗಿ ಹಾಕುತ್ತಿದ್ದರು.

"ಏನ್ರೀ ಮಾಡ್ತಿದೀರ?"

ಅವರು ಬೆಚ್ಚಿದರು. ಕಾಯಿಸಿದ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು, "ಜಾಯಿಂಟ್ ಸರಿ ಕೂತಿಲ್ಲ" ಅಂದರು.

"ಅಪ್ಪ ಹಾಕಿರೋ ಜಾಯಿಂಟ್ ಸರಿ ಕೂತಿಲ್ವಾ?" ನಾನು ಬಗ್ಗಿ ನೋಡಿದೆ. ಚಿಕ್ಕಂದಿನಲ್ಲಿ ನಾನು ನೋಡಿದ ಅಪ್ಪನ ಬೆಸುಗೆ ನೀರಿನ ಹನಿಯಷ್ಟು ದುಂಡಗೆ, ಹೊಳೆಯುತ್ತಾ ಇರುತ್ತಿತ್ತು. ಇವು ಮುದ್ದೆ ಮುದ್ದೆಯಾಗಿ, ಅತ್ತಿತ್ತ ಹರಿದಿದ್ದವು.

"ಮಾವನ ಕೈ ನಡುಗುತ್ತೆ ಕಣೇ. ಅವರು ವಾಕಿಂಗ್ ಹೋದಾಗ ನಾನು ಮತ್ತೆ ಹಾಕಿಡ್ತೀನಿ."

"ಯಾವಾಗಿಂದ?"

"ದೀಪಾವಳಿ ಆದ್ಮೇಲೆ ಜಾಸ್ತಿ ಆಗಿದೆ."

"ನನಗ್ಯಾಕೆ ಹೇಳಲಿಲ್ಲ?"

ಅವರು ಟ್ರ್ಯಾಕನ್ನೇ ನೋಡುತ್ತಾ, "ನಿನಗೆ ಹೇಳಬೇಡ ಅಂದಿದ್ರು" ಎಂದರು.

ಅಪ್ಪನ ಕೈ ನಡುಗುತ್ತಿದೆ ಎಂದು ಕೇಳಿದಾಗ ಮಗಳಾದವಳಿಗೆ ಮೊದಲು ಹೆದರಿಕೆಯಾಗಬೇಕು. ನನಗೆ ಮೊದಲು ಆದದ್ದು ಅದಲ್ಲ. ನನ್ನ ಅಪ್ಪನಿಗೆ ಒಂದು ಕಷ್ಟ ಬಂದಿದೆ, ಅದನ್ನು ಅವನು ಇವರ ಕೈಗೆ ಕೊಟ್ಟಿದ್ದಾನೆ, ನನ್ನಿಂದ ಮುಚ್ಚಿಟ್ಟಿದ್ದಾನೆ ಎಂದು ಹೊಟ್ಟೆಯೊಳಗೆ ಉರಿ ಎದ್ದಿತು. ಹೆದರಿಕೆ ಬಂದದ್ದು ಅದರ ಹಿಂದೆ, ಮೆಟ್ಟಿಲಿಳಿಯುವಾಗ. ನಾನು ಊಟದ ತಟ್ಟೆ ಎತ್ತಲು ಹೋದಾಗಲೆಲ್ಲ ಅಪ್ಪ ಸುತ್ತ ಚೆಲ್ಲಿದ್ದನ್ನು ಬಳಿದುಕೊಂಡು "ನಾನೇ ತೊಳೀತೀನಿ" ಅಂತ ಮೊದಲೇ ಎದ್ದು ಹೋಗುತ್ತಿದ್ದದ್ದು, ಕಾಫಿಯನ್ನು ಈಚೆಗೆ ಅರ್ಧ ಲೋಟವೇ ಸಾಕು ಅನ್ನುತ್ತಿದ್ದದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ಆರು ಗೇಣು ದೂರದಲ್ಲಿ ಕೂತು ನಾನು ಇದನ್ನು ಕಂಡಿರಲಿಲ್ಲ. ಅವರಿಬ್ಬರ ಮೇಲೆ ಮುನಿಸಿಕೊಂಡು ಅಪ್ಪನ ಮುಖ ಸರಿಯಾಗಿ ನೋಡುವುದನ್ನೇ ಬಿಟ್ಟಿದ್ದೆ.

ನಾನು ಪಾರ್ಕಿಗೆ ನಡೆದೆ. ಅಪ್ಪ ಕಲ್ಲುಬೆಂಚಿನ ಮೇಲೆ ಕೂತು ಮಕ್ಕಳ ಕ್ರಿಕೆಟ್ ನೋಡುತ್ತಿದ್ದ. ಪಕ್ಕದಲ್ಲಿ ಕೂತೆ. ಮುಖ ನೋಡಿದೊಡನೆ ಅವನಿಗೆ ತಿಳಿಯಿತು.

"ಹೇಳ್ಬಿಟ್ನಾ?" ಅಂದ.

"ಇಲ್ಲ. ನಾನೇ ನೋಡ್ದೆ. ನೀನು ಹಾಕಿದ್ದನ್ನ ಅವರು ಮತ್ತೆ ಹಾಕ್ತಿದ್ರು."

ಅಪ್ಪ ತಲೆಯಾಡಿಸಿದ. "ಗೊತ್ತು. ನಾನು ಬೆಳಿಗ್ಗೆ ನೋಡಿದ್ರೆ ಎಲ್ಲಾ ನೀಟಾಗಿ ಇರುತ್ತೆ. ಅವನೂ ಹೇಳಲ್ಲ, ನಾನೂ ಕೇಳಲ್ಲ."

"ನನಗೆ ಹೇಳ್ಬೋದಿತ್ತಲ್ಲ ಅಪ್ಪ. ಅವರಿಗೆ ಹೇಳ್ದೆ, ನನಗೆ ಹೇಳಲಿಲ್ಲ."

"ಅವನಿಗೂ ನಾನಾಗಿ ಏನೂ ಹೇಳಲಿಲ್ಲ. ಜೊತೇಲಿ ಇದ್ದ, ನೋಡ್ದ. ನಿನಗೆ ಹೇಳಬೇಡ ಅಂದೆ, ಅಷ್ಟೇ." ಅಪ್ಪ ಬ್ಯಾಟು ಬೀಸುವ ಹುಡುಗರ ಕಡೆ ತಿರುಗಿದ. "ನಿನಗೆ ಹೇಳಿದ್ರೆ ಅವತ್ತೇ ಡಾಕ್ಟರ್ ಹತ್ರ ಎಳ್ಕೊಂಡು ಹೋಗ್ತಿದ್ದೆ. ಆಮೇಲೆ ಕಾಯಿಸಿದ್ದು ಮುಟ್ಟಬೇಡ, ಬ್ಲೇಡ್ ಮುಟ್ಟಬೇಡ ಅಂತಿದ್ದೆ. ಅಂತಿದ್ದೆ ತಾನೆ?"

"ಅಂತಿದ್ದೆ."

"ನಿನ್ನ ಕಣ್ಣಲ್ಲಿ ನಾನು ಯಾವತ್ತೂ ಕೆಲಸ ಕೆಡಿಸಿದವನಲ್ಲ. ಅವನು ಆಗಿನ ನನ್ನನ್ನ ನೋಡಿಲ್ಲ. ಅವನ ಮುಂದೆ ಕೆಡಿಸಿದ್ರೆ ನನಗೆ ಅಷ್ಟು ಕಷ್ಟ ಆಗಲ್ಲ ಕಣಮ್ಮ."

ಅಪ್ಪ ತೊಡೆಯ ಮೇಲಿದ್ದ ಬಲಗೈಯನ್ನು ಎತ್ತಿ, ನನಗೆ ಕಾಣುವಂತೆ ಗಾಳಿಯಲ್ಲಿ ಚಾಚಿ ಹಿಡಿದ. ಅದು ನಡುಗುತ್ತಿತ್ತು. ನಾನು ಅದನ್ನು ಹಿಡಿದುಕೊಂಡೆ. ಚೆಂಡು ನಮ್ಮ ಕಾಲ ಹತ್ತಿರ ಉರುಳಿ ಬಂದಾಗ ಅಪ್ಪ ಎಡಗೈಯಲ್ಲಿ ಎತ್ತಿ ಎಸೆದ.

ಮುಂದಿನ ವಾರ ವಿಜಯನಗರದಲ್ಲಿ ನರರೋಗದ ಡಾಕ್ಟರ ಹತ್ತಿರ ಮೂವರೂ ಹೋದೆವು. ಡಾಕ್ಟರು ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಹೆಚ್ಚು, ಸುಮ್ಮನಿದ್ದಾಗಲೋ ಕೆಲಸ ಮಾಡುವಾಗಲೋ ಎಂದು ಕೇಳುತ್ತಾ ಹೋದರು. ಎಲ್ಲದಕ್ಕೂ ಉತ್ತರ ಕೊಟ್ಟವರು ನಮ್ಮವರು. ಸುಮ್ಮನೆ ಕೂತಾಗ ಕಡಿಮೆ, ಸಣ್ಣ ಸಾಮಾನು ಹಿಡಿದಾಗ ಜಾಸ್ತಿ, ಬೆಳಿಗ್ಗೆ ಕಾಫಿಯಾದ ಮೇಲೆ ಇನ್ನೂ ಸ್ವಲ್ಪ ಜಾಸ್ತಿ. ನನಗೆ ಗೊತ್ತಿದ್ದದ್ದು ಅಪ್ಪನ ಬಿಪಿ ಮಾತ್ರೆಯ ಹೆಸರು ಮಾತ್ರ. ಡಾಕ್ಟರು ತಮ್ಮ ಕುರ್ಚಿಯನ್ನು ನಿಧಾನಕ್ಕೆ ಇವರ ಕಡೆಗೆ ತಿರುಗಿಸಿಕೊಂಡು ಬಿಟ್ಟರು.

"ನೀವು ಮಗನಾ?" ಎಂದು ಕೇಳಿದರು.

ಇವರು ಬಾಯಿ ತೆರೆಯುವ ಮುಂಚೆ ಅಪ್ಪ "ಹೂಂ" ಅಂದ.

ಡಾಕ್ಟರು ನನ್ನನ್ನು ನೋಡಿ, "ನೋಡಿಮ್ಮ, ಮಾವನಿಗೆ ಕಾಫಿ ಸ್ವಲ್ಪ ಕಮ್ಮಿ ಮಾಡ್ಸಿ" ಅಂದರು.

"ನಾನು ಮಗಳು" ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಡಾಕ್ಟರು ತಬ್ಬಿಬ್ಬಾಗಿ ಫೈಲ್ ನೋಡಿದರು. ಅಪ್ಪನೂ ಇವರೂ ಒಬ್ಬರನ್ನೊಬ್ಬರು ನೋಡಿಕೊಂಡು ನಗು ಹಿಡಿದುಕೊಂಡರು. ಅಲ್ಲಿಯೂ ನಾನು ಹೊರಗಿನವಳೇ.

ಆಮೇಲೆ ಡಾಕ್ಟರು ಬಿಳಿ ಹಾಳೆ ಮುಂದಿಟ್ಟು, ಒಳಗಿನಿಂದ ಹೊರಕ್ಕೆ ಒಂದು ಸುರುಳಿ ಬರೆಯಲು ಹೇಳಿದರು. ಬದುಕಿಡೀ ಗೆರೆ ಎಳೆದವನು ಅಪ್ಪ. ಪೆನ್ನು ಹಿಡಿದು ಬರೆದ. ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಾ ಸುತ್ತಿತು. ಬರೆದು ಮುಗಿಸಿ ಅದನ್ನೇ ನೋಡುತ್ತಾ ಕೂತ.

"ಕಂಪಾಸ್ ಕೊಟ್ಟಿಲ್ವಲ್ಲ ಮಾವ, ಅದಕ್ಕೆ" ಅಂದರು ನಮ್ಮವರು.

ಅಪ್ಪ ನಕ್ಕುಬಿಟ್ಟ. ಡಾಕ್ಟರೂ ನಕ್ಕರು. ಅಂಥ ಒಂದು ಮಾತು ನನ್ನ ಬಾಯಿಂದ ಎಂದಿಗೂ ಹೊರಡುತ್ತಿರಲಿಲ್ಲ. ನಾನಾಗಿದ್ದರೆ ಅತ್ತು, ಅಪ್ಪನೇ ನನ್ನನ್ನು ಸಮಾಧಾನ ಮಾಡುವಂತೆ ಮಾಡುತ್ತಿದ್ದೆ. ಆ ಮಾತಿಗಾಗಿ ಇವರಿಗೆ ಕೈ ಮುಗಿಯಬೇಕು ಅನ್ನಿಸಿತು, ಅದನ್ನು ಇವರೇ ಹೇಳಿದರಲ್ಲ ಎಂದು ಉರಿಯೂ ಆಯಿತು. ಎರಡೂ ಒಟ್ಟಿಗೆ.

ದೊಡ್ಡ ಕಾಯಿಲೆ ಏನಲ್ಲ, ವಯಸ್ಸಾದ ಮೇಲೆ ಕೆಲವರಿಗೆ ಬರುವ ನಡುಕ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಲೋಟ ತುಂಬ ಕಾಫಿ ಕುಡಿಯುವಷ್ಟು ಹತೋಟಿಗೆ ಬಂತು. ಬೆಸುಗೆ ಹಾಕುವಷ್ಟು ಬರಲಿಲ್ಲ. ಒಂದು ಸಂಜೆ ಊಟದ ಹೊತ್ತಿನಲ್ಲಿ ಅಪ್ಪ ನಮ್ಮಿಬ್ಬರ ಮುಂದೆಯೇ, "ಇನ್ಮೇಲೆ ಸಣ್ಣ ಕೆಲಸ ಎಲ್ಲಾ ನೀನೇ ಮಾಡಮ್ಮ. ಇವನ ಕೈಲಿ ಬಣ್ಣ ನಿಲ್ಲಲ್ಲ" ಅಂದ.

ನಾನು ಅನ್ನ ಕಲಸುತ್ತಾ, "ಬಿಡುವಾದ್ರೆ ನೋಡ್ತೀನಿ" ಎಂದೆ. ತಟ್ಟೆ ತೊಳೆದಿಟ್ಟು ಕೂಡಲೇ ಮೇಲೆ ಹೋದೆ.

ಲ್ಯಾಬಿನಲ್ಲಿ ಉಳಿದ ಮೇಣದ ಚೂರುಗಳು, ಸವೆದ ಕುಂಚಗಳು ಮನೆಗೆ ಬಂದವು. ಟ್ರ್ಯಾಕಿನ ಪಕ್ಕ ನಿಂತು ರೇಸ್ ನೋಡುವ ಜನರನ್ನು ನಾನು ಮಾಡಿದೆ. ವೀಡಿಯೋದಲ್ಲಿ ನೋಡಿದಂತೆ ಟೋಪಿ ಹಾಕಿದ ವಿದೇಶಿಯರು ಬೇಕು ಎಂದು ನಮ್ಮವರಿಗೆ ಆಸೆ. ನಾನು ಎಳನೀರು ಕೊಚ್ಚುವವನನ್ನು ಮಾಡಿದೆ, ಕೊಡೆ ಹಿಡಿದ ಹೆಂಗಸನ್ನು ಮಾಡಿದೆ, ಬಸ್‌ಸ್ಟಾಪಿನಲ್ಲಿ ಕೂತು ಬಸ್ಸಿನ ದಾರಿ ಬಿಟ್ಟು ಬೇರೆಲ್ಲೋ ನೋಡುತ್ತಿರುವ ಮುದುಕನನ್ನು ಮಾಡಿದೆ. ಅಪ್ಪ ಭೂತಗನ್ನಡಿಯಲ್ಲಿ ಒಬ್ಬೊಬ್ಬರನ್ನೇ ನೋಡಿದ. ಎಳನೀರಿನವನನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಿದ. ಬಾಯಿಬಿಟ್ಟು ಹೊಗಳಲಿಲ್ಲ. ಮರುದಿನ ಹಾಲಿನವನು ಬಂದಾಗ ಅವನನ್ನು ಮೇಲೆ ಕರೆದುಕೊಂಡು ಹೋಗಿ, "ಇದೆಲ್ಲ ನನ್ನ ಮಗಳು ಮಾಡಿರೋದು" ಅಂತ ತೋರಿಸಿದ್ದು ಕೆಳಗೆ ನನಗೆ ಕೇಳಿಸಿತು.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಚೆಂದ. ಹೋಗಿಲ್ಲ. ಅವರಿಬ್ಬರು ನನಗೆ ಅರ್ಥವಾಗದ ಏನನ್ನೋ ಹೇಳಿಕೊಂಡು ನಕ್ಕರೆ ಈಗಲೂ ನನ್ನ ಕುಂಚ ನಿಲ್ಲುತ್ತದೆ. "ಏನದು?" ಅಂತ ಕೇಳುತ್ತೇನೆ. "ಏನಿಲ್ಲ" ಅನ್ನುತ್ತಾರೆ.

ಹೋದ ತಿಂಗಳು ನಮ್ಮವರು ಆಫೀಸಿನ ಆಡಿಟ್ಟಿಗೆಂದು ಹುಬ್ಬಳ್ಳಿಗೆ ಹೋದರು. ವಾರದ ಮಟ್ಟಿಗೆ ಅಪ್ಪ, ಟ್ರ್ಯಾಕು ಎರಡೂ ನನ್ನವಾದವು. ಲ್ಯಾಬಿನಿಂದ ನೇರ ಮನೆಗೆ ಬಂದು, ಕೈಕಾಲು ತೊಳೆದು ಮೇಲೆ ಹೋಗುತ್ತಿದ್ದೆ. ಅಪ್ಪನದು ಒಳಗಿನ ಸೀಳು, ನನ್ನದು ಹೊರಗಿನದು. ನನ್ನ ಕಾರು ಪ್ರತಿ ಸಲ ಸುರಂಗ ದಾಟಿದ ತಿರುವಿನಲ್ಲಿ ಹಾರುತ್ತಿತ್ತು. "ತಿರುವು ಬರೋ ಮುಂಚೆನೇ ಬೆರಳು ಬಿಡಬೇಕು" ಎನ್ನುತ್ತಿದ್ದ ಅಪ್ಪ. ಟ್ರಿಗರ್ ಒತ್ತುವ ಬೆರಳಿಗೆ ನಡುಕದ ತೊಂದರೆ ಅಷ್ಟಾಗಿ ಇರಲಿಲ್ಲ, ಎಲ್ಲ ಆಟದಲ್ಲೂ ಅವನೇ ಗೆದ್ದ. ನಾನು ಅಷ್ಟು ಖುಷಿಯಾಗಿ ಸೋತದ್ದು ನೆನಪಿಲ್ಲ. ಆದರೆ ಆಟದ ನಡುವೆ ಅಪ್ಪ ಒಂದೆರಡು ಸಲ ಗಡಿಯಾರ ನೋಡಿ, "ಇಷ್ಟೊತ್ತಿಗೆ ರೂಮಿಗೆ ಬಂದಿರ್ತಾನೆ ಅಲ್ವಾ?" ಎಂದು ಕೇಳುತ್ತಿದ್ದ. ನಾನು "ಬಂದಿರ್ತಾರೆ" ಅಂದು ಕಾರನ್ನು ಮತ್ತೆ ಸೀಳಿಗೆ ಇಳಿಸುತ್ತಿದ್ದೆ.

ಜನ ಕೂತು ನೋಡಲು ಒಂದು ಸ್ಟ್ಯಾಂಡ್ ಮಾಡುವುದು ಬಾಕಿ ಇತ್ತು. ರಟ್ಟಿನ ಮೆಟ್ಟಿಲುಗಳನ್ನು ನಮ್ಮವರು ಹೋಗುವ ಮೊದಲೇ ಅಂಟಿಸಿಟ್ಟಿದ್ದರು. ಬುಧವಾರ ಅಪ್ಪ, "ಸುಮ್ನೆ ಕೂತ್ಕೊಳೋ ಬದಲು ಅದಕ್ಕೆ ಬಣ್ಣ ಹಾಕೋಣ" ಅಂದ. ಇಬ್ಬರೂ ಕೂತು ಹಾಕಿದೆವು. ಅಗಲವಾದ ಭಾಗ ಅಪ್ಪ, ಅಂಚುಗಳು ನಾನು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ವೀಡಿಯೋ ಕಾಲ್ ಬಂತು.

"ಊಟ ಆಯ್ತಾ? ಮಾವ ಮಾತ್ರೆ ತಗೊಂಡ್ರಾ?" ಎಂದು ಕೇಳಿದ ಇವರ ಕಣ್ಣು ನನ್ನ ಹೆಗಲಿನಾಚೆಗೆ ಹೋಯಿತು. "ಹಿಂದೆ ಏನದು? ಸ್ಟ್ಯಾಂಡಿಗೆ ಬಣ್ಣ ಹಾಕ್ಬಿಟ್ರಾ?"

"ಹೂಂ ರೀ. ಈಗ ತಾನೇ ಆಯ್ತು."

"ನಾನು ಬಂದ್ಮೇಲೆ ಅಂತ ಮಾತಾಗಿತ್ತಲ್ಲ."

"ಅಪ್ಪನೇ ಹೇಳಿದ್ದು, ಹಾಕೋಣ ಅಂತ."

"ಸರಿ ಬಿಡು. ಯಾವ ಬಣ್ಣ?" ಅಂದರು. ಏನೂ ಅನ್ನಿಸಿಲ್ಲ ಎಂದು ತೋರಿಸಲು ಜೋಪಾನವಾಗಿ ಸಮ ಮಾಡಿಕೊಂಡ ದನಿ ಅದು. ಆ ದನಿಯ ಒಳಗೆ ಏನಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ಬಸವೇಶ್ವರನಗರದಲ್ಲಿ ಯಾರೂ ಇರಲಿಲ್ಲ.

"ಬಂದು ನೋಡಿ, ಚೆನ್ನಾಗಿ ಬಂದಿದೆ" ಎಂದೆ. ಫೋನನ್ನು ಅಪ್ಪನ ಕಡೆ ತಿರುಗಿಸಿದೆ. ಅಪ್ಪ ಮೂಗಿಗೆ ಬಣ್ಣ ಮೆತ್ತಿಕೊಂಡು, ಕುಂಚ ಎತ್ತಿ ಆಡಿಸಿ ನಗುತ್ತಿದ್ದ.

ನಾವು ಹಾಕಿದ್ದು ಮೊದಲನೇ ಕೋಟು ಮಾತ್ರ. ಎರಡನೆಯದನ್ನೂ, ಮೇಲಿನ ಬಾವುಟದ ಸಾಲನ್ನೂ ಇವರಿಗೇ ಬಿಡಬೇಕು ಎಂದು ಅಪ್ಪ ಕುಂಚ ಅದ್ದುವ ಮೊದಲೇ ಹೇಳಿದ್ದ. ಅದನ್ನು ನಾನು ಇವರಿಗೆ ಫೋನಿನಲ್ಲಿ ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದು ಮರುದಿನ ಬೆಳಿಗ್ಗೆ.